ಸಹಿ ಇಲ್ಲದ ಹಾಲ್ ಟಿಕೆಟ್

ಹಳೆಯ ಹಾಸಿಗೆ ಬಿಚ್ಚಿದರೆ ಬರೀ ಹತ್ತಿ ಬರುವುದಿಲ್ಲ. ಕಾಗದ ಬರುತ್ತದೆ, ತಾಯಿತ ಬರುತ್ತದೆ, ಮಗುವಿನ ಬೆಳ್ಳಿ ಕಡಗ ಬರುತ್ತದೆ. ಒಂದು ಸಲ ಒಬ್ಬ ಸಾಹುಕಾರರ ದಿಂಬಿನಿಂದ ಅವರ ಹೆಂಡತಿಯದಲ್ಲದ ಒಂದು ಫೋಟೋ ಬಂದಿತ್ತು. ಅಪ್ಪ ಗುಬ್ಬಿಯಲ್ಲಿ ಹಾಸಿಗೆ ಅಂಗಡಿ ಇಟ್ಟ ಕಾಲದಿಂದ ನಮ್ಮಲ್ಲಿ ಒಂದೇ ನಿಯಮ. ಸಿಕ್ಕಿದ್ದನ್ನು ಗೋಡೆಯ ಗೂಡಿನಲ್ಲಿಡಬೇಕು, ಓದಬಾರದು, ಯಾರ ಹತ್ತಿರವೂ ಆಡಬಾರದು, ಹಾಸಿಗೆ ಒಯ್ಯಲು ಬಂದವರ ಕೈಗೆ ಕೊಟ್ಟುಬಿಡಬೇಕು. "ನಮ್ ಕೆಲ್ಸ ಹತ್ತಿ ಹಿಂಜೋದು ಕಣ್ಲಾ, ಜನರನ್ನಲ್ಲ" ಎನ್ನುತ್ತಿದ್ದ ಅಪ್ಪ.

ಹಾಸಿಗೆಯಲ್ಲಿ ಬಚ್ಚಿಟ್ಟದ್ದು ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ನನ್ನ ಬದುಕಿನ ದೊಡ್ಡ ಸುಳ್ಳನ್ನು ನಾನು ಬಚ್ಚಿಟ್ಟದ್ದು ನನ್ನ ದಿಂಬಿನಲ್ಲೇ.

ಹತ್ತಿಯ ಧೂಳು ಎದೆಗೆ ಇಳಿದು ಅಪ್ಪ ಮೂಲೆ ಹಿಡಿದಾಗ ನಾನು ಏಳನೇ ಕ್ಲಾಸು ಪಾಸಾಗಿದ್ದೆ. ಎಂಟಕ್ಕೆ ಹೋಗಲಿಲ್ಲ. ತಮ್ಮ ಹೋದ. ಅವನು ಬಿ.ಎಡ್. ಮುಗಿಸಿ ಕುಣಿಗಲ್ಲಿನಲ್ಲಿ ಹೈಸ್ಕೂಲು ಮೇಷ್ಟರಾಗುವ ತನಕ ಅವನ ಪುಸ್ತಕ, ಹಾಸ್ಟೆಲ್ಲು, ಇಸ್ತ್ರಿ ಶರ್ಟು ಎಲ್ಲವೂ ನನ್ನ ದಬ್ಬಣದ ತುದಿಯಿಂದ ಬಂದವು. ಇದನ್ನು ನಾನು ಅವನಿಗೆ ಒಂದು ದಿನವೂ ಹೇಳಿಲ್ಲ. ಹೇಳದೆಯೇ ಅವನಿಗೆ ಗೊತ್ತಿರಬೇಕು ಎಂದು ಕಾದೆ. ಅದು ನನ್ನ ತಪ್ಪು.

ತೊಂಬತ್ತರ ದಶಕದ ಮೊದಲಲ್ಲಿ ಅಂಗಡಿಯನ್ನು ತುಮಕೂರಿನ ಮರಳೂರಿಗೆ ತಂದು ಹತ್ತಿ ಹಿಂಜುವ ಮಿಷನ್ನು ಹಾಕಿಸಿದೆ. ನಾನು ಹೊಲಿದ ಹಾಸಿಗೆ ಹತ್ತು ವರ್ಷವಾದರೂ ಗಂಟು ಕಟ್ಟುತ್ತಿರಲಿಲ್ಲ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಮೂರು ಹಾಸಿಗೆ, ಆರು ದಿಂಬು ಹೊಲಿದು ಬೆನ್ನು ಸೆಟೆದುಕೊಂಡು ಏಳುತ್ತಿದ್ದೆ. ಸೋಮಾರಿಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬೇಜಾರು ಅಂತ ಮಲಗಿದವರನ್ನು ನೋಡಿ, "ಹೊಟ್ಟೆ ತುಂಬಿದ ಬೇಜಾರು" ಎಂದು ನಗುತ್ತಿದ್ದೆ.

ಆಮೇಲೆ ಅದು ನನಗೇ ಬಂತು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಯಾವ ಕಾರಣವೂ ಇಲ್ಲದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಏಳಲು ಮನಸ್ಸಾಗದು. ಅಂಗಡಿಗೆ ಹೋದರೆ ಕತ್ತರಿ ಹಿಡಿದು ಬಟ್ಟೆಯ ಮುಂದೆ ಕೂತೇ ಇರುತ್ತಿದ್ದೆ, ಎಲ್ಲಿಂದ ಕತ್ತರಿಸಬೇಕೆಂದು ತೋಚುತ್ತಿರಲಿಲ್ಲ. ದೃಷ್ಟಿ ತಾಗಿದೆ ಎಂದು ಅಮ್ಮ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು. ಕೊನೆಗೆ ಹೆಂಡತಿಯೇ ಒಬ್ಬ ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದಳು. ಅದು ಡಿಪ್ರೆಶನ್ನು ಎಂಬ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ, ಆದರೆ ಮಧ್ಯದಲ್ಲಿ ಬಿಡುವಂತಿಲ್ಲ ಎಂದರು ಡಾಕ್ಟರು. ಮನೆಯ ಹೊರಗೆ ಯಾರಿಗೂ ಹೇಳಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡೆ. ತಮ್ಮನಿಗೆ ಗ್ಯಾಸ್ಟ್ರಿಕ್ಕು ಎಂದು ಹೇಳಿದ್ದಾಯಿತು. ಮೂರು ತಿಂಗಳಲ್ಲಿ ಮತ್ತೆ ದಬ್ಬಣ ಹಿಡಿದೆ.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ತಮ್ಮನ ಮಗುವಿಗೆ ಹೆಸರಿಡುವ ಊಟ. ಅವನ ಸ್ಕೂಲಿನ ಮೇಷ್ಟರುಗಳೆಲ್ಲ ಬಂದಿದ್ದರು. ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ಅವರಿಗೆ ಪರಿಚಯ ಮಾಡಿಸಿದ:

"ನಮ್ಮಣ್ಣ. ಹಾಸಿಗೆ ಕೆಲ್ಸ. ಓದಿರೋದು ಏಳ್ನೇ ಕ್ಲಾಸು, ಆದ್ರೂ ಪೇಪರ್ ಪೂರ್ತಿ ಓದ್ತಾನೆ ನೋಡಿ ಸಾರ್!"

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ ಅದು. ಚಿಕ್ಕ ಮಗು ಮಗ್ಗಿ ಹೇಳಿದರೆ ದೊಡ್ಡವರು ನಗುವ ನಗೆ. ಆ "ಆದ್ರೂ" ನನಗೆ ಚುಚ್ಚಿತು. ಪಿಯುಸಿ ಮಾಡದವರೂ ಒಂದು ಪ್ರವೇಶ ಪರೀಕ್ಷೆ ಬರೆದು ಪಾಸಾದರೆ ಅಂಚೆಯ ಮೂಲಕ ಬಿ.ಎ. ಓದಬಹುದು ಎಂದು ಆ ವಾರವೇ ಪೇಪರಿನಲ್ಲಿ ಓದಿದ್ದೆ.

"ಪೇಪರ್ ಅಷ್ಟೇ ಅಲ್ಲ," ಎಂದೆ, "ಈ ವರ್ಷ ಬಿ.ಎ. ಎಂಟ್ರೆನ್ಸ್ ಬರೀತಿದೀನಿ."

ತಮ್ಮನ ಕೈ ಹೆಗಲ ಮೇಲಿಂದ ಇಳಿಯಿತು. "ಈ ವರ್ಷಾನೇ? ನಿಧಾನಕ್ಕೆ ನೋಡಣ ಬುಡಣ್ಣ."

"ಈ ವರ್ಷಾನೇ."

ತುಮಕೂರಿಗೆ ಬರುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ಅಲ್ಲಾರೀ, ಡಾಕ್ಟ್ರನ್ನ ಒಂದ್ಮಾತು ಕೇಳಿ ಹೇಳ್ಬಹುದಿತ್ತಲ್ವಾ?"

"ನಾನ್ ಪರೀಕ್ಷೆ ಬರೆಯೋಕೆ ಡಾಕ್ಟ್ರ ಪರ್ಮಿಶನ್ ಯಾಕೆ?"

ಆದರೂ ಕೇಳಿದೆವು. ಡಾಕ್ಟರು ನನ್ನ ಚೀಟಿಯನ್ನು ತಿರುವಿಹಾಕಿ ಹೇಳಿದರು, "ಬೇಡ ಅಂತ ನಾನು ಹೇಳಲ್ಲ. ಮಾತ್ರೆ ತಗೊಂಡು ಓದೋಕಾದ್ರೆ ಬರೀರಿ. ಓದೋಕಾಗ್ತಿಲ್ಲ ಅಂದ್ರೆ ಪರೀಕ್ಷೆ ಬಿಡಿ, ಮಾತ್ರೆ ಬಿಡ್ಬೇಡಿ. ಪರೀಕ್ಷೆ ಮುಂದಿನ್ ವರ್ಷಾನೂ ಬರುತ್ತೆ."

ಇಷ್ಟುದ್ದದ ಮಾತಿನಲ್ಲಿ ನಾನು ಕೇಳಿಸಿಕೊಂಡದ್ದು "ಬರೀರಿ" ಎಂಬುದೊಂದನ್ನೇ.

ಮಾತ್ರೆ ನನಗೆ ತೂಕಡಿಕೆ ತರುತ್ತಿತ್ತು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಒಂಬತ್ತರವರೆಗೂ ತಲೆ ಹಸಿ ಹತ್ತಿಯ ಹಾಗೆ ಭಾರ. ಹಗಲು ಅಂಗಡಿ. ಓದಲು ನನಗಿದ್ದದ್ದು ಬೆಳಗಿನ ಆ ಹೊತ್ತೊಂದೇ. ಹತ್ತು ದಿನ ಪ್ರಯತ್ನ ಪಟ್ಟೆ. ಒಂದು ಪುಟ ಮುಗಿಸುವಷ್ಟರಲ್ಲಿ ಆರಂಭ ಮರೆತುಹೋಗುತ್ತಿತ್ತು. ಹನ್ನೊಂದನೆಯ ದಿನ ಹೆಂಡತಿ ಮಾತ್ರೆ, ನೀರು ತಂದುಕೊಟ್ಟಾಗ ಮಾತ್ರೆಯನ್ನು ದವಡೆಯ ಸಂದಿಯಲ್ಲಿಟ್ಟುಕೊಂಡು ನೀರು ಮಾತ್ರ ಕುಡಿದೆ. ಅವಳು ಅತ್ತ ಹೋದ ಮೇಲೆ ದಿಂಬಿನ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿ ಅದನ್ನು ಒಳಗೆ ತೂರಿಸಿದೆ. ದಿನಾ ಒಂದು. ಹೊಲಿಗೆ ಬಿಚ್ಚುವುದು, ಗುರುತು ಸಿಗದಂತೆ ಮತ್ತೆ ಹಾಕುವುದು ನನಗೆ ಯಾವ ಲೆಕ್ಕ? ಕಟ್ಟಿಕೊಂಡವಳಿಗೆ ಮೋಸ ಮಾಡಲು ಕೈಯ ಕಸುಬನ್ನೇ ಬಳಸಿದೆ.

ಮೊದಲ ವಾರ ನಾನೇ ಗೆದ್ದೆ ಎನ್ನಿಸಿತು. ತಲೆ ಹಗುರ, ಓದಿದ್ದು ನೆನಪಿರುತ್ತಿತ್ತು. ಡಾಕ್ಟರಿಗಿಂತ ನನ್ನ ಮೈ ನನಗೇ ಗೊತ್ತು ಎಂದುಕೊಂಡೆ. ಮೂರನೆಯ ವಾರಕ್ಕೆ ಹಳೆಯದು ತಿರುಗಿ ಬಂತು. ಬಾಗಿಲು ತಟ್ಟಲಿಲ್ಲ, ಒಳಗೇ ಇದ್ದಂತೆ ಬಂದು ಕೂತಿತು. ಆಗಲಾದರೂ ಈ ವರ್ಷ ಬೇಡ ಎಂದು ಬಾಯಿಬಿಡಬಹುದಿತ್ತು. ಕುಣಿಗಲ್ಲಿನ ಮೇಷ್ಟರುಗಳ ನಗು ಕಿವಿಯಲ್ಲಿತ್ತು. ಬಿಡಲಿಲ್ಲ.

ಪರೀಕ್ಷೆಯ ದಿನ ಹೆಂಡತಿ ಉಪ್ಪಿಟ್ಟು ಮಾಡಿ, ಎರಡು ಹೊಸ ಪೆನ್ನು ಕೊಟ್ಟು ಕಳಿಸಿದಳು. ಸೆಂಟರು ತುಮಕೂರಿನಲ್ಲೇ ಒಂದು ಕಾಲೇಜು. ಗೇಟಿನವರೆಗೆ ಹೋದೆ. ಹಾಲ್ ಟಿಕೆಟ್ ಕೈಯಲ್ಲಿತ್ತು, ಅದರಲ್ಲಿ ನನ್ನ ಫೋಟೋ ಇತ್ತು. ಬೆಲ್ಲು ಹೊಡೆಯಿತು. ಹುಡುಗಿಯರು, ಪೊಲೀಸ್ ಪೇದೆಯೊಬ್ಬ, ಒಬ್ಬ ನರ್ಸಮ್ಮ, ಎಲ್ಲರೂ ಒಳಗೆ ಹೋದರು. ನನ್ನ ಕಾಲು ಹೋಗಲಿಲ್ಲ. ಹೆದರಿಕೆ ಎಂದರೆ ಸುಳ್ಳಾಗುತ್ತದೆ, ಹೆದರಲೂ ತ್ರಾಣವಿರಲಿಲ್ಲ. ಒಳಗೆ ಹೋಗುವುದೂ ಹೋಗದಿರುವುದೂ ಒಂದೇ ಎನಿಸಿ ಹೊಂಗೆ ಮರದ ಕೆಳಗೆ ನಿಂತುಬಿಟ್ಟೆ.

ಗೇಟಿನ ಪ್ಯೂನು ನೋಡಿ ಕೇಳಿದ, "ಏನ್ ಯಜಮಾನ್ರೇ, ಮಗಳನ್ನ ಬಿಡೋಕೆ ಬಂದ್ರಾ?"

"ಹೂಂ," ಎಂದೆ.

ನಮಗೆ ಮಕ್ಕಳೇ ಇರಲಿಲ್ಲ.

"ಬನ್ನಿ, ನೆಳ್ಳಾಗೆ ಕೂತ್ಕಳಿ. ಇನ್ನೂ ಮೂರ್ ಗಂಟೆ ಐತೆ," ಎಂದು ಅವನು ತನ್ನ ಸ್ಟೂಲು ಕೊಟ್ಟ. ಹಾಲ್ ಟಿಕೆಟನ್ನು ಜೇಬಿಗೆ ಮಡಚಿ ಇಟ್ಟುಕೊಂಡು ಕೂತೆ. ಅವನು ನನ್ನ ಮಗಳ ಬಗ್ಗೆ ಕೇಳುತ್ತಾ ಹೋದ, ನಾನು ಹೇಳುತ್ತಾ ಹೋದೆ. ಬುದ್ಧಿವಂತೆ, ಮಧ್ಯದಲ್ಲಿ ಸ್ಕೂಲು ಬಿಡಬೇಕಾಯಿತು, ಈಗ ಮತ್ತೆ ಮನಸ್ಸು ಮಾಡಿದ್ದಾಳೆ ಎಂದೆಲ್ಲ ಹೇಳಿದೆ. "ನೀವು ಒಳ್ಳೆ ಅಪ್ಪ ಕಣ್ರೀ, ನಮ್ಮೋರಾದ್ರೆ ಮದ್ವೆ ಮಾಡಿ ಕೈ ತೊಳ್ಕಂಬುಡೋರು," ಎಂದ. ಮೂರು ಗಂಟೆ ಅಲ್ಲೇ ಕೂತೆ. ಮುಗಿದ ಬೆಲ್ಲಿಗೆ ಗುಂಪು ಹೊರಗೆ ನುಗ್ಗಿದಾಗ ಅದರ ನಡುವೆ ನುಸುಳಿ ಮನೆಗೆ ಬಂದೆ.

"ಹೆಂಗ್ ಬರೆದ್ರಿ?" ಹೆಂಡತಿ ಕೇಳಿದಳು.

"ಪರವಾಗಿಲ್ಲ," ಎಂದೆ. ಹಾಲ್ ಟಿಕೆಟ್ ದಿಂಬಿಗೆ ಹೋಯಿತು. ಆಮೇಲೆ ಹೊಲಿಗೆ ಬಿಚ್ಚಲೂ ಮನಸ್ಸಾಗದೆ ಮಾತ್ರೆಗಳನ್ನು ಬಚ್ಚಲಿಗೆ ಉಗುಳತೊಡಗಿದೆ.

ರಿಸಲ್ಟು ಬಂದ ವಾರ ಫೇಲಾದೆ ಎಂದು ನಾನೇ ಸಾರಿದೆ. ಬರೆದು ಫೇಲಾದವನಿಗೆ ಒಂದು ಮರ್ಯಾದೆಯಾದರೂ ಇದೆ, ಗೇಟಿನಲ್ಲಿ ಕೂತು ಬಂದವನಿಗೆ ಏನಿದೆ? ತಮ್ಮ ಕುಣಿಗಲ್ಲಿನಿಂದ ಬಂದು ಸಮಾಧಾನ ಹೇಳಿದ. "ಬುಡಣ್ಣ, ಈ ವಯಸ್ನಲ್ಲಿ ಫೇಲಾದ್ರೆ ಏನಂತೆ? ನಿನ್ ಕೈಯಲ್ಲಿ ಕಸುಬಿದೆ." ಅವನ ಮುಖದಲ್ಲಿ ನಿಜವಾದ ಮರುಕವಿತ್ತು. ಮೂದಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ರಂಜಾನ್ ಹಬ್ಬಕ್ಕೆ ಮುಂಚೆ, ಊರಿನವರ ಹಾಸಿಗೆಗಳೆಲ್ಲ ಮುಗಿದ ಮೇಲೆ ನಮ್ಮ ಮನೆಯವನ್ನು ಬಿಚ್ಚಿ ಹಿಂಜುವುದು ನಮ್ಮಲ್ಲಿ ವಾಡಿಕೆ. ಅದು ನನಗೆ ನೆನಪಿರಲಿಲ್ಲವೇ? ಇತ್ತು. ಆದರೆ ದಿಂಬನ್ನು ಬಿಚ್ಚಿ ಅದರಲ್ಲಿದ್ದದ್ದನ್ನು ತೆಗೆದುಹಾಕಲು ಕೂಡ ಆ ತಿಂಗಳುಗಳಲ್ಲಿ ನನ್ನ ಕೈ ಏಳಲಿಲ್ಲ. ಒಂದು ಮಧ್ಯಾಹ್ನ ನಾನು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಅಂಗಡಿಯಲ್ಲಿ ಕೂತು ದಿಂಬು ಬಿಚ್ಚಿದ್ದಳು. ಅವಳೂ ಹಾಸಿಗೆಯವರ ಮನೆಯ ಮಗಳೇ. ಸಿಕ್ಕಿದ್ದನ್ನು ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ ಗೂಡಿನಲ್ಲಿಟ್ಟಿದ್ದಳು.

"ಗೂಡಲ್ಲಿರೋದು ನಿಮ್ದು. ತಗೊಳ್ಳಿ," ಎಂದಳು. "ಸಿಕ್ಕಿದ್ದನ್ನ ಓದ್ಬಾರ್ದು ಅಂತಿದ್ರು ಮಾವ. ಮಾತ್ರೆ ಓದೋದಲ್ವಲ್ಲ, ಎಣಿಸಿದೆ. ಮೂವತ್ತೊಂಬತ್ತು."

ಗಂಟು ಬಿಚ್ಚಿದೆ. ಮಾತ್ರೆಗಳ ಮೇಲೆ ಹಾಲ್ ಟಿಕೆಟ್ ಇತ್ತು.

"ಆ ಚೀಟೀಲಿ ಮೇಷ್ಟ್ರು ಸಹಿ ಹಾಕೋ ಜಾಗ ಖಾಲಿ ಇದೆ. ಅದೂ ಓದೋದಲ್ಲ, ಕಾಣುತ್ತೆ." ಅವಳ ದನಿ ಏರಲಿಲ್ಲ. "ನಾನ್ ದಿನಾ ನೀರು ತಂದು ಕೊಡ್ತಿದ್ನಲ್ಲ, ಒಂದಿನಾನಾದ್ರೂ ನಿಮಗೆ ಅಯ್ಯೋ ಅನ್ನಿಸ್ಲಿಲ್ವಾ?"

ಮಾರನೆಯ ದಿನ ಇಬ್ಬರೂ ಡಾಕ್ಟರ ಬಳಿ ಹೋದೆವು. ಅವರು ಬೈಯಲಿಲ್ಲ. ಓದಲು ತೊಡಕಾದರೆ ಮೊದಲೇ ಬಂದು ಹೇಳಬೇಕಿತ್ತು, ಬೇರೆ ಮಾತ್ರೆ ಇದೆ ಎಂದು ಬದಲಾಯಿಸಿ ಬರೆದುಕೊಟ್ಟರು. ಕೇಳಿದ್ದರೆ ಇಷ್ಟೇ ಆಗಿತ್ತು. ಕೇಳುವುದು ನನಗೆ ಬರುತ್ತಿರಲಿಲ್ಲ.

ಕೆಲವೇ ತಿಂಗಳಲ್ಲಿ ಮತ್ತೆ ಪೇಪರಿನಲ್ಲಿ ಪ್ರಕಟಣೆ ಬಂತು. ನಾನು ಚೇತರಿಸಿಕೊಳ್ಳುತ್ತಿದ್ದೆ, ಅಷ್ಟೆ. ಅರ್ಜಿ ತಂದು ಅಂಗಡಿಯಲ್ಲಿ ಕೂತಿದ್ದ ಹೆಂಡತಿಯ ಮುಂದಿಟ್ಟೆ. "ನೀವೇ ಹೇಳಿ, ಆಗುತ್ತಾ?" ಎಂದಳು. ಆಗುತ್ತದೆ ಎನ್ನಲು ಬಾಯಿ ತೆರೆದೆ. ಗೂಡು ಕಾಣಿಸಿತು. "ಈ ವರ್ಷ ಆಗಲ್ಲ," ಎಂದೆ. ನಾನು ಹೊತ್ತ ಯಾವ ಹತ್ತಿ ಮೂಟೆಯೂ ಈ ಮೂರು ಮಾತಿನಷ್ಟು ಭಾರವಿರಲಿಲ್ಲ. ತಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಒಳ್ಳೇದಾಯ್ತು ಬುಡಣ್ಣ, ಯಾಕ್ ಬೇಕಿತ್ತು ಆ ತಲೆನೋವು," ಎಂದ. ನಾನು ಪೂರ್ತಿ ಕೈಬಿಟ್ಟೆನೆಂದೇ ಅವನು ತಿಳಿದ. ತಿಳಿದುಕೊಳ್ಳಲಿ ಎಂದು ಬಿಟ್ಟೆ.

ಅದರ ಮುಂದಿನ ವರ್ಷ, ಮಾತ್ರೆ ನುಂಗಿಯೇ, ಬೆಳಿಗ್ಗೆ ಒಂದು ಗಂಟೆಯಂತೆ ಓದಿ, ಅದೇ ಕಾಲೇಜಿನ ಗೇಟಿಗೆ ಹೋದೆ. ಪ್ಯೂನಿಗೆ ನನ್ನ ಗುರುತು ಹತ್ತಿತು.

"ಓ, ಬನ್ನಿ ಯಜಮಾನ್ರೇ! ಮಗಳು ಅವತ್ತು ಪಾಸಾಗ್ಲಿಲ್ವಾ?" ಎಂದು ಸ್ಟೂಲು ಎಳೆಯಹೋದ.

ಹಾಲ್ ಟಿಕೆಟ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಟಿಕೆಟ್ ವಾಪಸು ಕೊಟ್ಟು, "ರೂಮು ಎಡಗಡೆ, ಮೆಟ್ಲು ಹತ್ತಿದ್ರೆ ಮೊದಲ್ನೇದು," ಎಂದು ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಬರೆದೆ. ಪಾಸಾದೆ. ಸಹಿ ಬಿದ್ದ ಹಾಲ್ ಟಿಕೆಟನ್ನು ಹೆಂಡತಿ ಎರಡೂ ಕಡೆ ತಿರುಗಿಸಿ ನೋಡಿ, "ಇದನ್ನೂ ದಿಂಬಿಗೆ ಹಾಕ್ತೀರೋ, ಇಲ್ಲಾ ನಾನೇ ಎತ್ತಿಡ್ಲೋ?" ಎಂದಳು. ಅವಳೇ ಎತ್ತಿಟ್ಟಳು. ಎಲ್ಲಿ ಎಂದು ಇವತ್ತಿಗೂ ಹೇಳಿಲ್ಲ.

ಆಮೇಲೆ ಒಂದು ಮದುವೆಯ ಊಟದಲ್ಲಿ ತಮ್ಮ ಮತ್ತೆ ಹೆಗಲ ಮೇಲೆ ಕೈಯಿಟ್ಟು ಯಾರಿಗೋ ಪರಿಚಯ ಮಾಡಿಸಿದ: "ನಮ್ಮಣ್ಣ. ಹಾಸಿಗೆ ಕೆಲ್ಸ. ಈ ವಯಸ್ನಲ್ಲಿ ಬಿ.ಎ. ಕಟ್ಟಿದ್ದಾನೆ ಸಾರ್. ಎಂಟ್ರೆನ್ಸು ಮೊದಲ್ನೇ ಸಲ ಹೋಯ್ತು, ಪಾಪ. ಎರಡ್ನೇ ಸಲಕ್ಕೆ ಹೊಡೆದ."

ನಾನು ಬರೆದದ್ದು ಒಂದೇ ಸಲ. ಬರೆದ ಒಂದೇ ಸಲಕ್ಕೆ ಪಾಸಾದವನು ನಾನು. ಹಾಗೆಂದು ಹೇಳಲು ಮೂವತ್ತೊಂಬತ್ತು ಮಾತ್ರೆಯನ್ನೂ ಆ ಸ್ಟೂಲನ್ನೂ ಊಟದೆಲೆಯ ಮುಂದೆ ಸುರಿಯಬೇಕಾಗಿತ್ತು. ಎದುರು ಸಾಲಿನಲ್ಲಿ ಕೂತ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಬಗ್ಗಿಸಿ ಅನ್ನ ಕಲಸಿದೆ.