ವಿಮಾನದಲ್ಲಿ ಬಂದ ತವರಿನ ಸೀರೆ

ನನ್ನ ಅತ್ತೆಯಷ್ಟು ಚೊಕ್ಕ ಹೆಂಗಸನ್ನು ನಾನು ಮತ್ತೆ ನೋಡಲಿಲ್ಲ. ತಿಕ್ಕಿದ ತಂಬಿಗೆಯನ್ನೇ ಇನ್ನೊಮ್ಮೆ ತಿಕ್ಕಿಸುತ್ತಿದ್ದಳು. ಅಂಥವಳನ್ನು ಕೊಳೆಯಿಸಿ ಮಣ್ಣಿಗೆ ಕಳಿಸಿದರು. ನೆನೆದರೆ ಈಗಲೂ ಹೇಸಿಗೆ.

ನಿಜಾಮನ ರಾಜ್ಯ ಮುಗಿದು ನಾವು ಇಂಡಿಯಾಕ್ಕೆ ಸೇರಿದ ಹೊಸತು. ನಾನು ಸುರಪುರಕ್ಕೆ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ಸುಡು ಬೇಸಿಗೆಯ ಒಂದು ಬೆಳಗಿನ ಜಾವ ಅತ್ತೆ ಸತ್ತಳು. ನಮ್ಮಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹೆಂಗಸಿನ ಹೆಣವಾದರೆ ತವರಿನವರು ಸೀರೆ ತಂದು ಹೊದಿಸದೆ ಎತ್ತುವುದಿಲ್ಲ. ಅತ್ತೆಗೆ ತವರು ಎಂದು ಉಳಿದವನು ಒಬ್ಬ ತಮ್ಮ, ಮುಂಬಯಿಯಲ್ಲಿ ಅರಿವೆ ವ್ಯಾಪಾರ ಮಾಡುತ್ತಿದ್ದ. ಅವನಿಗೆ ತಾರು ಹೋಯಿತು. ಸಂಜೆಗೆ ಅವನ ತಾರು ಬಂತು: ನಾಳೆ ವಿಮಾನಕ್ಕೆ ಹೊರಡುತ್ತೇನೆ, ಕಾಯಿರಿ.

ಮಾವನ ಅಳು ಅಲ್ಲಿಗೇ ನಿಂತಿತು. ಮಣ್ಣಿಗೆಂದು ಬಂದ ಮಂದಿಗೆಲ್ಲ ತಾರು ತೋರಿಸಿದ. ವಿಮಾನ ಏರುವ ನೆಂಟ ಆ ಓಣಿಯಲ್ಲಿ ಇನ್ಯಾರಿಗಿದ್ದ? ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಲೆಕ್ಕ ನಡೆಸಿದರು. ಮುಂಬಯಿ ಬಿಟ್ಟರೆ ಒಂದು ಬುಟ್ಟಿ ರೊಟ್ಟಿ ಬಡಿಯುವುದರೊಳಗೆ ಹೈದರಾಬಾದಂತೆ.

ನನ್ನ ತವರು ಯಾದಗಿರಿ, ಸ್ಟೇಷನ್ನಿನ ಹಿಂದೆಯೇ ಮನೆ. ಮುಂಬಯಿಯ ರೈಲು ಅಲ್ಲಿ ನಿಲ್ಲುತ್ತದೆ, ಇಳಿದರೆ ಸುರಪುರಕ್ಕೆ ಬಸ್ಸು ಇದೆ ಎಂದು ನನಗೆ ಗೊತ್ತು. ಹೈದರಾಬಾದು ಇರುವುದು ನಮ್ಮಿಂದ ಆಚೆಗೆ. ಈತ ನಮ್ಮನ್ನು ದಾಟಿ ಹೋಗಿ ಇಳಿದು, ಮತ್ತೆ ರೈಲು ಹಿಡಿದು ಹಿಂದಕ್ಕೆ ಬರಬೇಕು. ಮಾವನೆದುರು ಸೊಸೆ ಮಾತಾಡುವಂತಿರಲಿಲ್ಲ. ಗಂಡನ ಕಿವಿಗೆ ಹಾಕಿದೆ, ಅವನು ಹೋಗಿ ಹೇಳಿದ. ಮಾವ ನನಗೆ ಕೇಳುವಂತೆಯೇ ಅಂದ:

"ಅಕಿಗೇನ್ ತಿಳಿತದ ಇಮಾನದ್ದು? ಬಾಯಿ ಮುಚ್ಚಿ ಗಾಳಿ ಬೀಸಂತ ಹೇಳು."

ಬೀಸಿದೆ. ಎರಡನೆಯ ದಿನಕ್ಕೆ ಹೆಣ ಊದಿತು. ಹಣೆಯ ವಿಭೂತಿ ತೊಯ್ದು ಇಳಿಯಿತು, ಮೂಗಿನಿಂದ ನೀರು ಹನಿಯಿತು. ನೊಣ ಹೆಣದ ತುಟಿ ಬಿಟ್ಟು ನನ್ನ ತುಟಿಗೆ ಬಂದು ಕೂಡುತ್ತಿದ್ದವು. ಬೇವಿನ ಸೊಪ್ಪು ಹಾಸಿದೆವು, ಲೋಬಾನದ ಹೊಗೆ ಹಾಕಿದೆವು. ಎರಡೂ ನಾತದಲ್ಲಿ ಕಲೆತು ಮತ್ತಷ್ಟು ಕೆಟ್ಟವು. ಕಟ್ಟೆಯ ಗಂಡಸರು ಮೂಗು ಮುಚ್ಚಿಕೊಂಡು ಆಕಾಶ ನೋಡುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಯಾದಗಿರಿಯಿಂದ ಶಹಾಪುರದ ಮೇಲೆ ಬಂದ ಬಸ್ಸಿನಲ್ಲಿ ಆ ತಮ್ಮ ಇಳಿದ. ಮೂಗಿಗೆ ಅತ್ತರಿನ ವಸ್ತ್ರ ಹಿಡಿದಿದ್ದ. ಹೊಸ್ತಿಲು ತುಳಿಯಲಿಲ್ಲ. ಮಂದಿ ಅವನನ್ನು ಸುತ್ತುಗಟ್ಟಿ, ಮೋಡ ಕೈಗೆ ಸಿಗುತ್ತದೇನು, ಕಿವಿ ಮುಚ್ಚುತ್ತದೇನು ಎಂದು ಕೇಳತೊಡಗಿದರು. ಅವನೂ ನಿಂತು ಹೇಳತೊಡಗಿದ.

ನನ್ನ ಗಂಡ ತಡೆಯಲಾರದೆ ಕೇಳಿದ. "ಮಾಮಾ, ರೈಲಿಗೆ ಬಂದಿದ್ರ ನಿನ್ನೇನೇ ಅವ್ವನ ಮಾರಿ ನೋಡ್ತಿದ್ರಿ."

"ರೈಲಿನ್ಯಾಗ ಭಾಳ ಹೊಲಸಪಾ," ಎಂದ.

ಅಕ್ಕನಿಗೆ ಸೀರೆ ಹೊದಿಸಬೇಕಾದ ಕೈ ಅದನ್ನು ಹೊರಗಿನಿಂದಲೇ ನನ್ನ ಕಡೆ ಚಾಚಿತು. "ನೀನ ಹೊದಸವ್ವಾ."

ಸೀರೆ ಕಸಿದುಕೊಂಡು ಒಳಗೆ ಬಂದು ಕದ ಹಾಕಿದೆ. ಹೊರಗೆ ವಿಮಾನದ ಮಾತು ನಡೆದೇ ಇತ್ತು. ಒಂದು ಕೊಡ ನೀರು ತಂದಿಟ್ಟುಕೊಂಡು ಅತ್ತೆಯ ಮೈ ಒರೆಸಲು ಕುಳಿತೆ. ಚರ್ಮ ಕೈಗೆ ಬರುತ್ತಿತ್ತು. ಆದರೂ ಒರೆಸಿದೆ.