ಸೊಂಟನೋವಿನ ಪಾಠಕ್ಕೆ ಮಂಗಳೂರಿಗೆ

ಚಿಕ್ಕಮಗಳೂರಿನಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿದ್ದರೂ ನಮ್ಮ ಕಡೆಯವರಿಗೆ ಅದಿನ್ನೂ ಘಟ್ಟದ ಕೆಳಗಿನ ಪರದೇಶವೇ. ತೊಂಬತ್ತು ಮೈಲಿಗೂ ಮಿಕ್ಕಿದ ದಾರಿ, ಟಿಕೆಟ್ಟು ಐದು ರೂಪಾಯಿಗೆ ಸ್ವಲ್ಪ ಕಡಿಮೆ. ಚಾರ್ಮಾಡಿ ಘಾಟಿಯ ಒಂದೊಂದು ತಿರುವಿಗೂ ನನ್ನ ಸೊಂಟ ಕಿತ್ತು ಬರುವಂತಾಗುತ್ತಿತ್ತು. ಪಕ್ಕದವನು ಕಾಡು ನೋಡಿ, ಎಷ್ಟು ಚಂದ ಅಂದ. ಚಂದವಂತೆ ಚಂದ! ನಾನು ಹಲ್ಲು ಕಚ್ಚಿ ಎದುರು ಸೀಟಿನ ಕಂಬಿ ಹಿಡಿದು ಕೂತಿದ್ದೆ.

ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಹನ್ನೆರಡು ವರ್ಷದಿಂದ ಅದರ ಯಜಮಾನರಾದ ರಾಯರ ಕೈಕೆಳಗೆ, ದಿನಕ್ಕೆ ಎಂಟು ಗಂಟೆ ನಿಂತೇ ಕೆಲಸ. ನಾಲ್ಕು ವರ್ಷದಿಂದ ನೋವು. ರಾಯರಿಗೆ ಮಾತ್ರ ಅದನ್ನು ಹೇಳಿರಲಿಲ್ಲ. ನಮ್ಮ ಹಳೆಯ ಫೋರ್‌ಮನ್ನನಿಗೆ ಕಣ್ಣು ಮಂಜಾದ ತಿಂಗಳೇ ಅವರು ಅವನನ್ನು ಮನೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಧರ್ಮಸ್ಥಳಕ್ಕೆ ಹರಕೆ ಇದೆ ಎಂದು ಸುಳ್ಳು ಹೇಳಿ ಐದು ದಿನ ರಜೆ ಪಡೆದಿದ್ದೆ. ಮಂಗಳೂರಿನಲ್ಲಿ ಒಳ್ಳೆಯ ಇಂಜೆಕ್ಷನ್ ಕೊಡುತ್ತಾರೆ, ಒಂದೇ ಸಲಕ್ಕೆ ವಾಸಿ ಎಂದು ಯಾರೋ ನನ್ನ ಹೆಂಡತಿಗೆ ಹೇಳಿದ್ದರು.

ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಇಳಿದಾಗ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿದರು. ಒಂದೊಂದು ಅಗುಳೂ ನಮ್ಮ ಹನ್ನೆರಡು ಪಾಯಿಂಟಿನ ಮೊಳೆಯಷ್ಟು ದಪ್ಪ! ಹಸಿವಿಗೆ ಅದೂ ಇಳಿಯಿತು. ಅಲ್ಲೇ ಮೇಲೆ ಕೋಣೆ ಹಿಡಿದೆ.

ಮಾರನೆಯ ದಿನ ಬಿಜೈ ಕಡೆಯ ಸಣ್ಣ ಆಸ್ಪತ್ರೆಗೆ ನಡೆದು ಹೋದೆ. ಡಾಕ್ಟರು ಒತ್ತಿ ನೋಡಿದರು, ಕಾಲೆತ್ತಿಸಿದರು. ಮೂಳೆ ಮುರಿದಿಲ್ಲ, ಕ್ಷಯವಿಲ್ಲ ಎಂದರು. "ಇಂಜೆಕ್ಷನ್?" ಎಂದೆ. ಅವರು ಹಿಂದಿನ ಜಗಲಿಯತ್ತ ಕೈ ತೋರಿಸಿದರು. "ಮೂರು ದಿನ ಅಲ್ಲಿ ಹೋಗಿ ಕಲೀರಿ."

ಕಲಿಯುವುದೆಂತದ್ದು, ಸುಡುಗಾಡು! ಇಷ್ಟು ದೂರ ಬಂದದ್ದು ಶಾಲೆಗೆ ಸೇರಲಿಕ್ಕಾ ಎಂದು ನನಗೆ ಮೈಯೆಲ್ಲ ಉರಿಯಿತು.

ಜಗಲಿಯಲ್ಲಿ ನನ್ನಂಥ ನೋವಿನವರು ಏಳೆಂಟು ಮಂದಿ ಇದ್ದರು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೆಂಗಸೊಬ್ಬಳು ಖಾಲಿ ಬುಟ್ಟಿಯನ್ನು ಮೊಣಕಾಲು ಮಡಿಸಿ ಎತ್ತುವುದು, ಇಳಿಸುವುದು ಮಾಡುತ್ತಿದ್ದಳು. ಪಾಠ ಹೇಳುವವರು ಸೆವೆರಿನ್ ಬಾಯಿ ಎಂಬ ಐವತ್ತು ದಾಟಿದ ನರ್ಸು. ಮನೆಮಾತು ಕೊಂಕಣಿ, ನಮ್ಮೊಡನೆ ಮಂಗಳೂರಿನ ಕನ್ನಡ. ನನ್ನ ಕೆಲಸ ಕೇಳಿ ತಿಳಿದುಕೊಂಡು, ಎತ್ತರದ ಮೇಜಿನ ಮೇಲೆ ಹುಣಸೆಬೀಜ, ಹೆಸರು, ಉದ್ದು ಬೆರೆಸಿ ಸುರಿದರು.

"ಪ್ರೆಸ್ಸಿನಲ್ಲಿ ನಿಂತ ಹಾಗೆ ನಿಂತು ಇದನ್ನು ಬೇರೆ ಮಾಡಿ. ನಾನು ಗಂಟೆ ಹೊಡೆದ ಕೂಡಲೆ ಕೂರಬೇಕು."

ಬೀಜಗಳನ್ನು ಸಾಲಾಗಿ ಜೋಡಿಸತೊಡಗಿದೆ. ಗಂಟೆ ಬಾರಿಸಿತು. ಸಾಲು ಮುಗಿಯಲು ನಾಲ್ಕು ಬೀಜ ಬಾಕಿ ಇತ್ತು, ಮುಗಿಸಿ ಕೂತೆ.

"ಯಾಕೆ ತಡ?"

"ಸಾಲಿನ ನಡುವೆ ಕೈ ಬಿಡುವುದು ನಮ್ಮ ಕಸುಬಿನಲ್ಲಿ ಇಲ್ಲಮ್ಮ."

"ಮತ್ತೆ ಕೂರುವುದು ಯಾವಾಗ?"

"ನೋವು ತಡೆಯಲಾರದೆ ಹೋದಾಗ."

"ಅದೇ ತಪ್ಪು ನಿಮ್ಮದು," ಎಂದರು ಅವರು. "ನೋವು ಹೇಳಿದ ಮೇಲೆ ಕೂತರೆ ಎರಡು ದಿನ ಏಳಲಿಕ್ಕಾಗುವುದಿಲ್ಲ. ಅದು ಬರುವ ಮೊದಲೇ ಕೂರಬೇಕು, ಅರ್ಧ ಗಂಟೆಗೊಮ್ಮೆ, ಐದು ನಿಮಿಷ. ಹಾಗೆಂದು ಮಲಗಿಯೇ ಇರುವುದೂ ಬೇಡ. ಒಂದೇ ಕಾಲಿನ ಮೇಲೆ ಭಾರ ಹಾಕ್ತೀರಿ, ಅದನ್ನೂ ಬಿಡಬೇಕು."

"ಹೀಗೆ ಮಾಡಿದರೆ ಎಷ್ಟು ದಿನಕ್ಕೆ ಹೋಗುತ್ತದೆ?"

ಸೆವೆರಿನ್ ಬಾಯಿ ನನ್ನ ಮುಖವನ್ನೇ ನೋಡಿ ಹೇಳಿದರು: "ಪೂರ್ತಿ ಹೋಗ್ಲಿಕ್ಕಿಲ್ಲ. ಸುಳ್ಳು ಹೇಳುವುದಿಲ್ಲ ನಾನು."

ನಾಲ್ಕು ವರ್ಷ ಇವತ್ತಲ್ಲ ನಾಳೆ ವಾಸಿಯಾಗುತ್ತದೆಂದು ಕಾಯುತ್ತಲೇ ಕಳೆದಿದ್ದೆ. ಹೊರಗೆ ಬಂದು ಬಾವಿಕಟ್ಟೆಯ ಹತ್ತಿರ ನಿಂತು ಅತ್ತೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಅತ್ತೆ.

ಹಿಂದೆಯೇ ಕೋಲೂರಿಕೊಂಡು ಹಿರಿಯರೊಬ್ಬರು ಬಂದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಮೊಯ್ದಿನಬ್ಬ ಬ್ಯಾರಿ. ಮೂರು ವರ್ಷದಿಂದ ವಾರಕ್ಕೊಮ್ಮೆ ಆ ಜಗಲಿಗೆ ಬರುವವರು. ಹಳಬರು ಹೊಸಬರನ್ನು ಮಾತಾಡಿಸಬೇಕೆಂಬುದು ಅಲ್ಲಿಯ ಪದ್ಧತಿ.

"ಎಂತ ಮಾರಾಯ್ರೆ, ನಾನೂ ಇದೇ ಬಾವಿ ಹತ್ರ ಕಣ್ಣೀರು ಹಾಕಿ ಕೂಗಿದ್ದು," ಎಂದರು. "ನೋವು ಎಲ್ಲಿಗೂ ಹೋಗ್ಲಿಲ್ಲ. ನಾನು ಹೋಗ್ತೇನೆ, ದಿನಾ ಅಂಗಡಿಗೆ. ಮುಂಚೆ ಅದೂ ಇರ್ಲಿಲ್ಲ."

ಎರಡನೆಯ ದಿನ ಗಂಟೆ ಬಾರಿಸಿದೊಡನೆ ಕೂತೆ. ಕೈ ಮಾತ್ರ ತುರಿಸುತ್ತಲೇ ಇತ್ತು. ಸಂಜೆ ನಡೆದು ಕೋಣೆ ಸೇರಿದಾಗ ನೋವು ಇತ್ತು, ಆದರೆ ಬಹಳ ದಿನಗಳ ಮೇಲೆ ರಾತ್ರಿ ಮಗ್ಗುಲು ಬದಲಿಸಲು ಗೋಡೆ ಹಿಡಿಯಬೇಕಾಗಲಿಲ್ಲ.

ಕೊನೆಯ ದಿನ ಸೆವೆರಿನ್ ಬಾಯಿ ಕೇಳಿದರು: "ನಿಮ್ಮ ಪ್ರೆಸ್ಸಿನಲ್ಲಿ ಕೂರಲಿಕ್ಕೆ ಸ್ಟೂಲು ಉಂಟಾ?"

"ಇಲ್ಲ."

"ಯಜಮಾನರ ಹತ್ತಿರ ಕೇಳಿದ್ದೀರಾ?"

ಕೆಲಸ ಹೋಗುವ ಭಯವನ್ನೂ ಹರಕೆಯ ಸುಳ್ಳನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಕದ್ದುಮುಚ್ಚಿ ಅರ್ಧ ಗಂಟೆಗೊಮ್ಮೆ ಕೂರ್ಲಿಕ್ಕೆ ಆಗ್ತದಾ? ಅವರಿಗೆ ಹೇಳದಿದ್ದರೆ ನಾನು ಕಲಿಸಿದ್ದೆಲ್ಲ ದಂಡ," ಎಂದಷ್ಟೇ ಹೇಳಿ ಬುಟ್ಟಿಯ ಹೆಂಗಸಿನ ಕಡೆ ಹೋದರು.

ಮರುದಿನದ ಬಸ್ಸಿನಲ್ಲಿ ಕೂತೇ ಇರಬೇಕಾದ್ದರಿಂದ ಪಾಠವನ್ನು ತಿರುವಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತೆ. ಕಂಡಕ್ಟರು ಗದರಿದ: "ಸೀಟ್ ಉಂಟಲ್ಲ, ಕೂತ್ಕೊಳ್ಳಿ ಮಾರಾಯ್ರೆ!" ಸೊಂಟ ನೋವು ಎಂದೆ. ಅಪರಿಚಿತನಿಗೆ ಹೇಳುವುದು ಸುಲಭ. ಉಜಿರೆಯಲ್ಲಿ ಧರ್ಮಸ್ಥಳಕ್ಕೆ ಹೋಗುವವರು ಇಳಿದರು. ನಾನೂ ಇಳಿದು ಒಂದು ಪೊಟ್ಟಣ ಪ್ರಸಾದ ತಂದರೆ ಸುಳ್ಳು ದಡ ಮುಟ್ಟುತ್ತದೆ ಎನಿಸಿ ಚೀಲಕ್ಕೆ ಕೈ ಹಾಕಿದೆ. ದೇವರ ಪ್ರಸಾದವನ್ನು ಸುಳ್ಳಿಗೆ ಸಾಕ್ಷಿ ಮಾಡುವುದೇ? ಥೂ, ಎಂದು ನನಗೆ ನಾನೇ ಬೈದುಕೊಂಡೆ. ಬಸ್ಸು ಹೊರಟಿತು.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮನೆಗೆ ಹೋದರೆ ಧೈರ್ಯ ಕರಗುತ್ತದೆಂದು ನೆಟ್ಟಗೆ ಅಚ್ಚುಕೂಟಕ್ಕೇ ಹೋದೆ. ರಾಯರು ತಮ್ಮ ಕೋಣೆಯಲ್ಲಿ ಕರಡು ತಿದ್ದುತ್ತಿದ್ದರು. ನನ್ನನ್ನು ಕಂಡವರೇ ಪೆನ್ನು ಕೆಳಗಿಟ್ಟು, ಬಲಗೈಯನ್ನು ಎಡಗೈಯ ಮೇಲಿಟ್ಟು ಚಾಚಿದರು.

"ಬಾರಯ್ಯ. ಪ್ರಸಾದ ಕೊಡು."

"ತಂದಿಲ್ಲ ರಾಯರೇ. ನಾನು ಧರ್ಮಸ್ಥಳಕ್ಕೆ ಹೋಗಿರಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ಸೊಂಟದಲ್ಲಿ ನೋವಿದೆ, ಅದು ವಾಸಿಯಾಗುವುದಿಲ್ಲವಂತೆ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕೂತರೆ ಕೆಲಸ ಮಾಡಬಲ್ಲೆ."

ಅವರ ಕೈ ಹಾಗೆಯೇ ಚಾಚಿಕೊಂಡಿತ್ತು. ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು.

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ನಾಲ್ಕು ವರ್ಷ ನನ್ನ ಕಣ್ಣೆದುರಿಗೇ ನಿಂತಿದ್ದೀಯಲ್ಲೋ," ಎಂದರು ರಾಯರು. ಆಮೇಲೆ ಗಿರಾಕಿಗಳಿಗೆಂದು ಇಟ್ಟ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆಗೆ ನೂಕಿದರು. "ಕೂತ್ಕೊ ಮೊದಲು."

ಹನ್ನೆರಡು ವರ್ಷದಲ್ಲಿ ಆ ಕೋಣೆಯೊಳಗೆ ನಾನು ಕೂತದ್ದು ಅದೇ ಮೊದಲು.