ಪತ್ರಿ ಗಿಡಕ್ಕೆ ಕಾಕಾ ಹೊಡೆದ ಎಣ್ಣಿ

ಆಗ ನಮ್ಮ ಬನಹಟ್ಟಿಯ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸಪ್ಪಳದಿಂದ. ಮನೆಗೆ ಮನೆ ಅಂಟಿಕೊಂಡು, ಗಿಡ ಹಚ್ಚಲು ಅಂಗೈಯಗಲ ಮಣ್ಣೂ ಇರಲಿಲ್ಲ. ಅದಕ್ಕೇ ನಮ್ಮ ಪತ್ರಿ ಗಿಡ ಮಾಳಿಗೆಯ ಮೇಲೆ, ತೂತು ಬಿದ್ದ ನೀರಿನ ಪೀಪಾಯಿಯನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಕುಂಡದಲ್ಲಿ ಬೆಳೆದಿತ್ತು. ಬಿಲ್ವಪತ್ರಿ. ನನಗಿಂತ ಒಂದು ಗೇಣು ಎತ್ತರ. ಕುಂಟಾಬಿಲ್ಲೆ ಆಡುತ್ತಿದ್ದರೂ ಹೊತ್ತಿಗೆ ಸರಿಯಾಗಿ ಓಡಿ ಬಂದು ಅದಕ್ಕೆ ನೀರು ಹಾಕುವವಳು ನಾನು.

ಆ ಗಿಡ ಇದ್ದದ್ದು ಆಯಿಗಾಗಿ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ದಿನಾ ಬೆಳಿಗ್ಗೆ ಜಳಕ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು, ಅದರ ಮೇಲೆ ಪತ್ರಿ ಏರಿಸಿ ನೀರೆರೆದು, ಆ ನೀರನ್ನು ತೀರ್ಥವೆಂದು ಕುಡಿಯುತ್ತಿದ್ದಳು. ಅದಾಗುವ ತನಕ ಚಹಾ ಸಹ ಮುಟ್ಟುತ್ತಿರಲಿಲ್ಲ. ಹರಿದ ಪತ್ರಿ ಲಿಂಗಕ್ಕೆ ನಡೆಯುವುದಿಲ್ಲ, ಮೂರೂ ಎಲೆ ಪೂರ್ತಿ ಇರಬೇಕು.

ಆ ವರ್ಷ ಶ್ರಾವಣಕ್ಕೇ ಹುಳ ಬೀಳಬೇಕೆ! ಮೊದಲು ಹಕ್ಕಿಯ ಹಿಕ್ಕೆಯೆಂದುಕೊಂಡೆ. ನೋಡಿದರೆ ಅವು ಎಲೆ ತಿನ್ನುತ್ತಿದ್ದವು. ನಾಲ್ಕು ದಿನದಲ್ಲಿ ಹಸಿರು ಬಣ್ಣಕ್ಕೆ ತಿರುಗಿ ಬೆರಳು ದಪ್ಪ ಆದವು. ಕಡ್ಡಿಯಿಂದ ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡುತ್ತಿದ್ದವು. ನಾನು ನೀರು ಹೊತ್ತು ಬೆಳೆಸಿದ ಚಿಗುರನ್ನು ತಿಂದು ನನ್ನನ್ನೇ ಹೆದರಿಸುವ ಸೊಕ್ಕು! ಚಪ್ಪಲಿ ಕೈಗೆತ್ತಿಕೊಂಡೆ.

"ಪಾರೀ, ಕೆಳಗಿಡು ಅದನ್ನ," ಎಂದಳು ಆಯಿ. "ಶ್ರಾವಣದಾಗ ಜೀವಾ ತಗೀತಾರೇನ?"

"ಗಿಡಾ ಬೋಳ ಮಾಡಾಕತ್ತಾವ ಆಯಿ!"

"ಅವಕ್ಕೂ ಹೊಟ್ಟಿ ಐತಿ. ಹಿಡದು ಬ್ಯಾರೆ ಕಡೆ ಬಿಟ್ಟ ಬಾ. ನನಗ ದಿನಕ್ಕೊಂದು ಪತ್ರಿ ಉಳದರ ಸಾಕು."

ಹೀಗೆ ಪೇಢೆಯ ಖಾಲಿ ಡಬ್ಬಿಯಲ್ಲಿ ಹುಳ ತುಂಬಿಕೊಂಡು ಸಾಲೆಯ ಹಿಂದಿನ ಲಿಂಬೆ ಗಿಡಕ್ಕೆ ಬಿಟ್ಟು ಬರುವುದು ನನ್ನ ಪಾಲಿಗೆ ಬಂತು. ಗೆಳತಿಯರು ಮೂಗು ಮುಚ್ಚಿಕೊಂಡು ನಕ್ಕರು. ನಗಲಿ. ದಿನವೂ ಹುಡುಕಿ ಹಿಡಿಯುತ್ತಿದ್ದುದರಿಂದ ಹುಳ ಕಡಿಮೆಯಾಗುತ್ತ ಬಂದಿದ್ದವು, ತುದಿಯಲ್ಲಿ ಹೊಸ ಚಿಗುರು ಕಂಡಿತ್ತು. ಅಷ್ಟರಲ್ಲಿ ಕಾಕಾ ಬಂದ.

ಕಾಕಾ ಅಪ್ಪನ ತಮ್ಮ. ಹೆಂಡತಿಯ ಊರು ಸಾವಳಗಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ. ಲಿಂಗ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ರವಿವಾರ ಸಂಜೆ, ಆಯಿ ಮಠಕ್ಕೆ ಪುರಾಣ ಕೇಳಲು ಹೋದಾಗ, ಮಾಳಿಗೆ ಹತ್ತಿ ನನ್ನ ಡಬ್ಬಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ತೋಟಕ್ಕೆಂದು ಕೊಂಡಿದ್ದ, ನಮ್ಮ ಕಡೆ ಎಣ್ಣಿ ಎನ್ನುವ ಹುಳದ ಔಷಧವನ್ನು ಗಾಡಿಯ ಚೀಲದಿಂದ ತೆಗೆದು, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ನೀರಿಗೆ ಬೆರೆಸಿ ಇಡೀ ಗಿಡಕ್ಕೆ ಚಿಮುಕಿಸಿದ. ಮೂಗು ಉರಿಯುವಂಥ ವಾಸನೆ. ಹುಳ ಪಟಪಟ ಉದುರಿದವು.

"ಎಣ್ಣಿ ಹೊಡದೇನಿ ಅಂತ ಆಯಿ ಮುಂದ ಹೇಳಬ್ಯಾಡ," ಎಂದ. "ಹುಳಾ ಸತ್ತೂವಂದ್ರ ಸುಮ್ನ ಒದರ್ತಾಳ."

ಹುಳ ಕೊಂದದ್ದಕ್ಕೆ ಆಯಿ ಬೈಯುತ್ತಾಳೆ, ಅಷ್ಟೇ ಎಂದು ನಾನೂ ತಿಳಿದೆ.

ಮರುದಿನ ಶ್ರಾವಣ ಸೋಮವಾರ. ಅಡುಗೆಮನೆಯಿಂದ ಹೋಳಿಗೆಯ ಪರಿಮಳ ಬರುತ್ತಿತ್ತು. ನಾನು ಎದ್ದು ಬಂದಾಗ ಆಯಿ ಲಿಂಗಕ್ಕೆ ನೀರೆರೆದು ಮುಗಿಸಿದ್ದಳು. ಅಂಗೈಯಲ್ಲಿ ಹೊಸ ಪತ್ರಿ. ಪಕ್ಕಕ್ಕೆ ಕೂತ ನನಗೆ ಹಿಂದಿನ ಸಂಜೆಯ ಅದೇ ವಾಸನೆ ಬಡಿಯಿತು. ಆಯಿ ತೀರ್ಥದ ಬಟ್ಟಲನ್ನು ತುಟಿಗೆ ಒಯ್ಯುತ್ತಿದ್ದಳು. ನಾನು ಕೈ ಬೀಸಿ ಹೊಡೆದೆ. ಬಟ್ಟಲು ಗೋಡೆಗೆ ಬಡಿದು ಉರುಳಿತು.

ಪೂಜೆಗೆ ಕೂತವಳ ಮೇಲೆ ಕೈ! ಅಪ್ಪ ಮಗ್ಗದಿಂದ ಎದ್ದು ಬಂದವನೇ ಕೆನ್ನೆಗೆ ಬಾರಿಸಿದ. "ಕಾಕಾ ಗಿಡಕ್ಕ ಎಣ್ಣಿ ಹೊಡದಾನ!" ಎಂದು ಕಿರುಚಿದೆ. ಇನ್ನೊಂದು ಏಟು ಬಿತ್ತು. ಕಾಕಾ ಅಲ್ಲೇ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ಎರಡನೆಯ ಏಟಾದ ಮೇಲೆ ಬಾಯಿ ಬಿಟ್ಟ. "ಅಷ್ಟಕ್ಕ ಏನಾಗತೈತಿ? ತೊಳದ್ರ ಹೋಗತೈತಿ."

ಆಯಿ ಲಿಂಗದ ಮೇಲಿನ ಪತ್ರಿ ತೆಗೆದು ಮೂಸಿದಳು.

"ನೀ ಎಣ್ಣಿ ಹೊಡದ ಮರುದಿನಾ ದ್ರಾಕ್ಷಿ ತೊಳದು ನಿನ್ನ ಮಕ್ಕಳಿಗೆ ಕೊಡತೀ ಏನಪಾ?"

"ಇಲ್ಲ ಬೇ. ಮನಿಗೆ ಬ್ಯಾರೆ ಬಳ್ಳಿ ಬಿಟ್ಟೇವಿ. ಅವು ಮಾರೂ ದ್ರಾಕ್ಷಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಅಂದು ಮಧ್ಯಾಹ್ನ ಊರಿಂದ ಬಂದವನೆಂದು ಮೊದಲ ಹೋಳಿಗೆ, ಅದರ ಮೇಲೆ ತುಪ್ಪ, ಅವನಿಗೇ. ಬಾತ ಕೆನ್ನೆ ಹಿಡಿದುಕೊಂಡು ಮಾಳಿಗೆಯಲ್ಲಿ ಕೂತವಳನ್ನು ಯಾರೂ ಕರೆಯಲಿಲ್ಲ. ಅಪ್ಪ ತಪ್ಪಾಯಿತೆಂದು ಹೇಳಲಿಲ್ಲ, ಕಾಕಾನಂತೂ ಹೇಳುವವನೇ ಅಲ್ಲ. ಆಯಿ ಮಾತ್ರ ತನ್ನ ತಾಟನ್ನೇ ಹಿಡಿದು ಮೇಲೆ ಬಂದಳು. "ನನ್ನ ಸಲವಾಗಿ ಹೊಡತಾ ತಿಂದಿ ನನ್ನ ಮಗಳಽ," ಎಂದು ತುತ್ತು ಮಾಡಿ ತಿನ್ನಿಸಿದಳು. ಆ ಗಿಡದ ಒಂದೊಂದೇ ಎಲೆ ಕಿತ್ತು ಹಾಕಿ, ಹೊಸ ಚಿಗುರು ಬರುವ ತನಕ ಬರೀ ವಿಭೂತಿಯಲ್ಲೇ ಪೂಜೆ ಮಾಡಿದಳು. ಮತ್ತೆ ಹುಳ ಬಂದವು, ಮತ್ತೆ ನಾನು ಹಿಡಿದೆ.

ಈಗ ಆಯಿ ಇಲ್ಲ. ಮಾಳಿಗೆಯ ಮೇಲೆ ಕೋಣೆ ಕಟ್ಟಿಸುವಾಗ ಗಿಡವೂ ಹೋಯಿತು. ನಾನಿರುವುದು ಜಮಖಂಡಿಯಲ್ಲಿ, ಪತ್ರಿ ಸಂತೆಯಿಂದ ತರುತ್ತೇನೆ. ಮಿರಿಮಿರಿ ಮಿಂಚುವ ರಾಶಿ. ಕಳೆದ ಶ್ರಾವಣದಲ್ಲಿ ಮಾರುವವಳನ್ನು ಕೇಳಿದೆ, "ಇದಕ್ಕ ಎಣ್ಣಿ ಹೊಡದೀರೇನ್ರಿ?"

"ಹೊಡಿಲಾರದ ಹ್ಯಾಂಗ್ರಿ ಅಕ್ಕಾರ? ಹುಳಾ ತಿಂದದ್ದು ತಂದ್ರ ನೀವ ತಗೋತೀರೇನು?"

ಸಿಟ್ಟು ನೆತ್ತಿಗೇರಿತು. ಆದರೂ ಕೊಂಡು ತಂದೆ, ಬೇರೆಲ್ಲಿ ಸಿಗುತ್ತದೆ? ಮೂರು ನೀರಿನಲ್ಲಿ ತೊಳೆದು ಲಿಂಗಕ್ಕೆ ಏರಿಸಿದೆ, ಮೇಲೆ ನೀರೆರೆದೆ, ಕೈ ಮುಗಿದೆ. ಆಮೇಲೆ ಆ ತೀರ್ಥವನ್ನು ಒಯ್ದು ಬಚ್ಚಲಿಗೆ ಚೆಲ್ಲಿದೆ.